ಕ್ಲಾಸಿಕಲ್ ಗಿಟಾರ್: ಶುರುವಿನಲ್ಲಿ ಯಾವ ಪೀಸ್ ಹಿಡಿಯಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಜಯನಗರದಲ್ಲಿ ಮನೆಯಲ್ಲೇ ಕ್ಲಾಸಿಕಲ್ ಗಿಟಾರ್ ಪಾಠ ಹೇಳಿಕೊಡುತ್ತೇನೆ. ಬರುವವರಲ್ಲಿ ಸ್ಕೂಲ್ ಮಕ್ಕಳಿದ್ದಾರೆ, ಔಟರ್ ರಿಂಗ್ ರೋಡ್ ಟ್ರಾಫಿಕ್ಕಿನಲ್ಲಿ ಸುಸ್ತಾಗಿ ಬರುವ ಸಾಫ್ಟ್‌ವೇರ್ ಮಂದಿ ಇದ್ದಾರೆ, ರಿಟೈರ್ ಆದ ಮೇಲೆ ಶುರು ಮಾಡಿದವರೂ ಇದ್ದಾರೆ. ಪ್ರಶ್ನೆಗಳು ಮಾತ್ರ ಹೆಚ್ಚು ಕಡಿಮೆ ಒಂದೇ. ಒಬ್ಬೊಬ್ಬರಿಗೂ ವಾಟ್ಸಾಪ್‌ನಲ್ಲಿ ಟೈಪ್ ಮಾಡಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇನೆ. ಕ್ಲಾಸಿಕಲ್ ಅಂದರೆ ಇಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ: ನೈಲಾನ್ ತಂತಿಯ ಗಿಟಾರ್, ಪ್ಲೆಕ್ಟ್ರಮ್ ಇಲ್ಲದೆ ಬಲಗೈ ಬೆರಳಿನಿಂದಲೇ ಮೀಟುವುದು.

ನನಗೆ ಇಷ್ಟವಾದ ಪೀಸನ್ನೇ ನೇರವಾಗಿ ಕಲಿತರೆ ಏನು ತಪ್ಪು?

ತಪ್ಪೇನಿಲ್ಲ, ಮುಗಿಯುವುದಿಲ್ಲ ಅಷ್ಟೆ. ಹೊಸಬರಲ್ಲಿ ತುಂಬಾ ಜನರಿಗೆ ಐದಾರು ಪೀಸ್‌ಗಳ ಮೊದಲ ಎರಡು ಸಾಲು ಬರುತ್ತದೆ, ಕೊನೆವರೆಗೆ ಒಂದೂ ಬರುವುದಿಲ್ಲ. ಮನೆಗೆ ಬಂದ ನೆಂಟರು "ಏನಾದ್ರೂ ನುಡಿಸಪ್ಪ" ಅಂದರೆ ಹತ್ತು ಸೆಕೆಂಡ್ ನುಡಿಸಿ "ಇನ್ನೂ ಕಲೀತಿದೀನಿ" ಅನ್ನಬೇಕಾಗುತ್ತದೆ.

ಕರ್ನಾಟಕ ಸಂಗೀತದಲ್ಲಿ ಈ ಗೊಂದಲವೇ ಇಲ್ಲ. ಸರಳೆ ವರಸೆ, ಜಂಟಿ ವರಸೆ, ಅಲಂಕಾರ ಆದ ಮೇಲೆ ಮಲಹರಿಯ ಪಿಳ್ಳಾರಿ ಗೀತೆ, ಆಮೇಲೆ ಸ್ವರಜತಿ, ವರ್ಣ, ಅದಾದ ಮೇಲೆ ಕೃತಿ. ಮೊದಲ ತಿಂಗಳಲ್ಲೇ ಪಂಚರತ್ನ ಕೃತಿ ಹೇಳಿಕೊಡಿ ಅಂತ ಯಾರೂ ಕೇಳುವುದಿಲ್ಲ. ಕೇಳಿದರೆ ಮೇಷ್ಟ್ರು ನಕ್ಕುಬಿಡುತ್ತಾರೆ. ಗಿಟಾರ್‌ನಲ್ಲಿ ಎಲ್ಲರೂ ಒಪ್ಪಿದ ಹಾಗೆ ಒಂದೇ ದಾರಿ ಇಲ್ಲ. ಯೂಟ್ಯೂಬ್ ತೆರೆದರೆ ಗೀತೆಯೂ ಪಂಚರತ್ನವೂ ಪಕ್ಕಪಕ್ಕದಲ್ಲೇ ಕಾಣುತ್ತವೆ, ಎರಡರ ಮೇಲೂ "ಬಿಗಿನರ್" ಅಂತ ಬರೆದಿರುತ್ತದೆ.

ನಾನು ಹೇಳುವುದು ಇಷ್ಟು: ಮೂರ್ನಾಲ್ಕು ವಾರದಲ್ಲಿ, ನಿಧಾನವಾಗಿಯಾದರೂ ಸರಿ, ಮೊದಲಿಂದ ಕೊನೆವರೆಗೆ ನಿಲ್ಲಿಸದೆ ನುಡಿಸಲು ಆಗುವ ಪೀಸನ್ನೇ ಹಿಡಿಯಿರಿ. ಕಿವಿ ಬಯಸುವುದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು ಅಂದುಕೊಳ್ಳಿ.

ಒಂದು ಪೀಸ್ ನನ್ನ ಕೈಗೆ ಬಗ್ಗುತ್ತದಾ ಅಂತ ಮೊದಲೇ ತಿಳಿಯುವುದು ಹೇಗೆ?

ಮೊದಲ ಸಾಲು ನೋಡಿ ತೀರ್ಮಾನ ಮಾಡಬೇಡಿ. ಪೂರ್ತಿ ಹಾಳೆ ಮೇಲೆ ಕಣ್ಣಾಡಿಸಿ ಅತಿ ಕಷ್ಟದ ಮೆಷರ್ ಹುಡುಕಿ. ಎರಡು ನಿಂತ ಗೀರುಗಳ ನಡುವಿನ ಭಾಗವೇ ಮೆಷರ್. ಸ್ವರಗಳು ಒಂದರ ಮೇಲೊಂದು ದಟ್ಟವಾಗಿ ಕೂತಿರುವುದೋ, ರೋಮನ್ ಅಂಕಿಯ ಪಕ್ಕ ಸಿ ಅಕ್ಷರ ಇರುವುದೋ ಸಾಮಾನ್ಯವಾಗಿ ಅದೇ ಜಾಗ. ಆ ಸಿ ಅಂದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡ ಒತ್ತಬೇಕು, ಅಂದರೆ ಬಾರೆ. ಆ ಮೆಷರನ್ನು ಮತ್ತು ಅದರ ಹಿಂದಿನ ಮುಂದಿನ ಮೆಷರ್‌ಗಳನ್ನು ಮಾತ್ರ ಒಂದು ವಾರ ಪ್ರಾಕ್ಟೀಸ್ ಮಾಡಿ. ಮೆಟ್ರೊನೋಮ್ (ಲಯ ತಪ್ಪದೆ ಟಿಕ್ ಟಿಕ್ ಅನ್ನುವ ಯಂತ್ರ) 50ಕ್ಕೆ ಇಟ್ಟರೂ ಕೈ ತಡವರಿಸುತ್ತಿದ್ದರೆ ಆ ಪೀಸ್ ಆರು ತಿಂಗಳ ನಂತರಕ್ಕೆ ಇರಲಿ. ಹಾಗೆ ಬಂದುಬಿಟ್ಟರೆ ಉಳಿದದ್ದೆಲ್ಲ ಬಂದ ಹಾಗೇ.

ಆಮೇಲೆ ನೋಡಬೇಕಾದ್ದು ಕೀ, ಅಂದರೆ ಪೀಸ್ ಯಾವ ಸ್ವರವನ್ನು ಆಧಾರ ಮಾಡಿಕೊಂಡಿದೆ ಅನ್ನುವುದು. ಗಿಟಾರ್‌ನ ಕೆಳಸ್ವರದ ಮೂರು ತಂತಿಗಳು ಇ, ಎ, ಡಿ. ಪೀಸ್ ಎ ಮೈನರ್, ಇ ಮೈನರ್, ಎ ಮೇಜರ್ ಅಥವಾ ಡಿ ಮೇಜರ್‌ನಲ್ಲಿದ್ದರೆ ಮುಖ್ಯವಾದ ಬೇಸ್ ಸ್ವರ ಓಪನ್ ತಂತಿಯಲ್ಲೇ, ಅಂದರೆ ಎಡಗೈ ಒತ್ತದೆ ಬಿಟ್ಟ ತಂತಿಯಲ್ಲೇ, ಸಿಗುತ್ತದೆ. ಹೆಬ್ಬೆರಳು ಮೀಟಿದರೆ ಸಾಕು, ಎಡಗೈ ಪೂರ್ತಿ ಮೇಲಿನ ರಾಗಕ್ಕೆ ಬಿಡುವಾಗಿರುತ್ತದೆ. ಸಿ ಮತ್ತು ಜಿ ಮೇಜರ್ ಕೂಡ ಪರವಾಗಿಲ್ಲ. ಎಫ್ ಮೇಜರ್, ಬಿ ಮೈನರ್ ಕಂಡರೆ ಬಾರೆ ಕಾಯುತ್ತಿದೆ ಅಂತಲೇ ಲೆಕ್ಕ. ಹೊಸಬರಿಗೆ ಒಂದು ಪುಟದೊಳಗಿನ, 16ರಿಂದ 24 ಮೆಷರ್‌ನ ಪೀಸ್ ಸಾಕು.

ಸ್ಟೀಲ್ ತಂತಿಯ ಗಿಟಾರ್ ಇದೆ. ಅದರಲ್ಲೇ ನುಡಿಸಬಹುದಾ?

ಮೊದಲ ಎರಡು ಮೂರು ತಿಂಗಳು ಪರವಾಗಿಲ್ಲ. ಆಮೇಲೆ ಕಷ್ಟ. ಕ್ಲಾಸಿಕಲ್ ಗಿಟಾರ್‌ನ ನೆಕ್ ತುದಿಯಲ್ಲಿ ಸುಮಾರು 52 ಮಿ.ಮೀ. ಅಗಲ ಇರುತ್ತದೆ, ಸ್ಟೀಲ್ ಗಿಟಾರ್‌ನಲ್ಲಿ ಸಾಮಾನ್ಯವಾಗಿ 43-44 ಮಿ.ಮೀ. ಈ ಪೀಸ್‌ಗಳು ಅಗಲದ ನೆಕ್‌ಗೆ ಬರೆದವು. ಇಕ್ಕಟ್ಟಿನಲ್ಲಿ ಒಂದು ಬೆರಳು ಪಕ್ಕದ ತಂತಿಗೆ ತಾಗಿ ಸ್ವರ ಸತ್ತುಹೋಗುತ್ತದೆ. ಇನ್ನೊಂದು ಮಾತು, ನೈಲಾನ್ ಗಿಟಾರ್‌ಗೆ ಸ್ಟೀಲ್ ತಂತಿ ಹಾಕಿಸಬೇಡಿ. ಎಳೆತ ಹೆಚ್ಚು ಕಡಿಮೆ ದುಪ್ಪಟ್ಟಾಗಿ ಬ್ರಿಡ್ಜ್ ಕಿತ್ತುಬರುತ್ತದೆ. ಅಂಗಡಿಯವರು "ಏನೂ ಆಗಲ್ಲ ಸಾರ್" ಅಂದರೂ ಬೇಡ.

ಹಾಗಾದರೆ ಮೊದಲ ಪೀಸ್ ಯಾವುದು? ಹೆಸರು ಹೇಳಿ.

ಫರ್ನಾಂಡೊ ಸೋರ್ ಅವರ ಓಪಸ್ 60ರ ಮೊದಲ ಪೀಸ್. ಓಪಸ್ ಅಂದರೆ ಒಬ್ಬೊಬ್ಬರ ಕೃತಿಗಳಿಗೂ ಕೊಡುವ ಕ್ರಮಸಂಖ್ಯೆ. ಸಿ ಮೇಜರ್, ಒಂದು ಸಲಕ್ಕೆ ಒಂದೇ ಸ್ವರ, ಕಾರ್ಡ್ (ಹಲವು ಸ್ವರ ಒಟ್ಟಿಗೆ) ಇಲ್ಲ. ಇಷ್ಟು ಸರಳವಾದರೂ ಕೇಳಲು ಪಾಠದ ಹಾಗಿಲ್ಲ, ಹಾಡಿನ ಹಾಗೇ ಇದೆ. ಬಾರ್ಸಿಲೋನಾದಲ್ಲಿ ಹುಟ್ಟಿದ ಸೋರ್ (1778-1839) ದೊಡ್ಡ ಸೊನಾಟಾಗಳನ್ನು ಬರೆದವರು. ಅಂಥವರು ಕೊನೆಗಾಲದಲ್ಲಿ ಕೂತು ಹೊಸಬರಿಗೆ ಅಂತಲೇ 25 ಪೀಸ್ ಬರೆದಿದ್ದಾರೆ. ಅದಕ್ಕೇ ಅವುಗಳ ಮೇಲೆ ನನಗೆ ವಿಶ್ವಾಸ ಜಾಸ್ತಿ.

ಅದರ ಜೊತೆಗೆ ಫರ್ಡಿನಾಂಡೊ ಕಾರುಲ್ಲಿ ಅವರ ಸಣ್ಣ ವಾಲ್ಟ್ಜ್‌ಗಳು, ಆಂಡಾಂಟೆಗಳು. ಕಾರುಲ್ಲಿಯನ್ನು ಕೆಲವರು "ಮಕ್ಕಳ ಸಂಗೀತ" ಅಂತ ಮೂಗು ಮುರಿಯುತ್ತಾರೆ. ಇರಲಿ ಬಿಡಿ. ಎಡಗೈಗೆ ತೊಂದರೆ ಕೊಡದೆ ಬಲಗೈ ಪಳಗಿಸುವುದರಲ್ಲಿ ಅವರನ್ನು ಮೀರಿಸಿದವರು ಕಡಿಮೆ.

ಬಲಗೈಗೆ ಮೌರೊ ಜುಲಿಯಾನಿಯ ಓಪಸ್ 1 ಇದೆ. ಸಿ ಮತ್ತು ಜಿ7 ಎರಡೇ ಕಾರ್ಡ್ ಇಟ್ಟುಕೊಂಡು ಬೆರಳಿನ 120 ವರಸೆ. ದಿನಕ್ಕೆ ಎರಡು ಮೂರು ಸಾಕು. ಎಲ್ಲವನ್ನೂ ಮುಗಿಸುತ್ತೇನೆ ಅಂತ ಹಠ ಬೇಡ, ಬೇಜಾರಾಗಿ ಗಿಟಾರನ್ನೇ ಬಿಟ್ಟುಬಿಡುತ್ತೀರಿ.

ಸ್ವಲ್ಪ ರುಚಿಗೆ ಬೇಕಾದರೆ ಸ್ಪೇನ್‌ನ ಜನಪದ ಧಾಟಿಯ ಮಲಗೇನ್ಯಾ. ಹೆಬ್ಬೆರಳು ಬೇಸ್ ತಂತಿಗಳಲ್ಲಿ ರಾಗ ನುಡಿಸುತ್ತದೆ, ಮೇಲಿನ ಓಪನ್ ತಂತಿ ಟಿಣ್ ಟಿಣ್ ಅಂತ ಉತ್ತರ ಕೊಡುತ್ತಿರುತ್ತದೆ. ಸುಲಭವಾದದ್ದೂ ಹೌದು, ಕೇಳಿದವರಿಗೆ ಕಷ್ಟದ್ದು ಅನ್ನಿಸುವುದೂ ಹೌದು. ಹೊಸಬರಿಗೆ ಇದಕ್ಕಿಂತ ಏನು ಬೇಕು?

ಓಪಸ್ 60 ಅಂತ ಡೌನ್‌ಲೋಡ್ ಮಾಡಿದೆ, ಮೊದಲ ಪುಟವೇ ಬರುತ್ತಿಲ್ಲ. ನಾನು ಅಷ್ಟು ದಡ್ಡನಾ?

ನೀವು ತೆಗೆದದ್ದು ಬೇರೆಯವರ ಓಪಸ್ 60. ಮಟ್ಟೆಯೊ ಕಾರ್ಕಾಸಿ ಅವರದ್ದೂ ಒಂದು ಓಪಸ್ 60 ಇದೆ, ಅದರಲ್ಲೂ 25 ಪೀಸ್‌ಗಳೇ. ಇಬ್ಬರೂ ಹೆಚ್ಚು ಕಡಿಮೆ ಒಂದೇ ಕಾಲದವರು. ಸೋರ್ ಅವರದ್ದು ಹೊಸಬರಿಗೆ, ಕಾರ್ಕಾಸಿ ಅವರದ್ದು ಒಂದೂವರೆ ಎರಡು ವರ್ಷ ನುಡಿಸಿದವರಿಗೆ. ಕಾರ್ಕಾಸಿ ಶೀರ್ಷಿಕೆಯಲ್ಲಿ "ಪ್ರೊಗ್ರೆಸಿವ್" ಅಂತಿದೆ, ಆದರೆ ಅಂಕಿ ಏರಿದ ಹಾಗೆ ಕಷ್ಟವೂ ಏರುತ್ತದೆ ಅಂದುಕೊಳ್ಳಬೇಡಿ. ಮೊದಲನೆಯದರಲ್ಲೇ ವೇಗದ ಸ್ಕೇಲ್ ಓಟ ಇದೆ. ಎ ಮೇಜರ್‌ನ 3ನೆಯದು ಅದಕ್ಕಿಂತ ಸಮಾಧಾನದ್ದು, ನಾನು ಸಾಮಾನ್ಯವಾಗಿ ಅದರಿಂದಲೇ ಶುರು ಮಾಡಿಸುತ್ತೇನೆ. ಕಾರ್ಕಾಸಿಯೇ ಬೇಕು ಅನ್ನುವ ಹೊಸಬರು ಅವರ ಓಪಸ್ 59 ನೋಡಲಿ. ಅದು ಕಲಿಕೆಯ ಪುಸ್ತಕ, ಅದರ ಸಣ್ಣ ಪ್ರಿಲ್ಯೂಡ್‌ಗಳು ಚೆನ್ನಾಗಿವೆ.

ಇದೇ ಥರ ಸೋರ್ ಅವರ ಬಿ ಮೈನರ್ ಸ್ಟಡಿ, ಓಪಸ್ 35ರ 22ನೆಯದು. ಸ್ಪೇನ್‌ನ ಹೆಸರಾಂತ ಗಿಟಾರ್ ವಾದಕ ಆಂದ್ರೆಸ್ ಸೆಗೋವಿಯಾ ಆರಿಸಿದ 20 ಸ್ಟಡಿಗಳ ಪುಸ್ತಕದಲ್ಲಿ ಅದು 5ನೆಯದು. ಐದನೆಯದು ಅಂದಮೇಲೆ ಸುಲಭ ಇರಬೇಕು ಅಂತ ಹಿಡಿದವರ ಎಡಗೈ ಎರಡನೇ ಫ್ರೆಟ್‌ನ (ನೆಕ್ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿ) ಬಾರೆಯಲ್ಲಿ ಜೋಮು ಹಿಡಿಯುತ್ತದೆ. ತುಂಬಾ ಚೆಂದದ ಪೀಸ್. ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಎಲ್ಲರೂ ಸ್ಪ್ಯಾನಿಷ್ ರೊಮಾನ್ಸ್‌ನಿಂದಲೇ ಶುರು ಮಾಡುತ್ತಾರಲ್ಲ?

ಶುರು ಮಾಡುತ್ತಾರೆ, ನಿಜ. ಇದನ್ನು ಬರೆದವರು ಯಾರು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. 1952ರ ಒಂದು ಫ್ರೆಂಚ್ ಚಿತ್ರಕ್ಕೆ ನಾರ್ಸಿಸೊ ಯೆಪೆಸ್ ನುಡಿಸಿದ ಮೇಲೆ ಲೋಕವೆಲ್ಲ ಹಬ್ಬಿತು.

ಇದು ಹೇಗೆ ಬೀಳಿಸುತ್ತದೆ ನೋಡಿ. ಆರಂಭದಲ್ಲಿ ಎಡಗೈಯ ಒಂದೇ ಬೆರಳು ಸಾಕು. ಮೊದಲ ತಂತಿಯ ಏಳನೇ ಫ್ರೆಟ್ ಮೂರು ಸಲ, ಆಮೇಲೆ ಏಳು, ಐದು, ಮೂರು ಅಂತ ಇಳಿಯುವುದು. ಎರಡನೇ, ಮೂರನೇ ತಂತಿ ಓಪನ್. ಬೇಸ್ ಆರನೇ ತಂತಿ, ಅದೂ ಓಪನ್. ಬಲಗೈ ಉಂಗುರ ಬೆರಳು, ಮಧ್ಯ ಬೆರಳು, ತೋರುಬೆರಳು ಅಂತ ಒಂದೇ ವರಸೆ ಕೊನೆವರೆಗೂ. ಮೊದಲ ದಿನವೇ ನಾಲ್ಕು ಮೆಷರ್ ಬಂದುಬಿಡುತ್ತದೆ, ಅಮ್ಮ ಅಡುಗೆ ಮನೆಯಿಂದ ಬಂದು ನಿಂತು ಕೇಳುತ್ತಾರೆ. ಐದನೆಯದಕ್ಕೆ ಹನ್ನೆರಡನೇ ಫ್ರೆಟ್‌ಗೆ ಹಾರಬೇಕು, ಅದೂ ಆಗುತ್ತದೆ. ಏಳನೆಯದರಲ್ಲಿ ಐದನೇ ಫ್ರೆಟ್‌ಗೆ ಬಾರೆ. ಇಲ್ಲಿ ಮೊದಲ ಸಲ ಸದ್ದು ಕೆಡುತ್ತದೆ. ಹೇಗೋ ತಳ್ಳಿಕೊಂಡು ಮೊದಲ ಭಾಗ ಮುಗಿಸಿದರೆ ಎರಡನೇ ಭಾಗ ಇ ಮೇಜರ್‌ಗೆ ತಿರುಗುತ್ತದೆ. ಅಲ್ಲಿ ಬಾರೆ ಬಿಡದೆ ಹಿಡಿದುಕೊಂಡೇ ಕಿರುಬೆರಳನ್ನು ದೂರ ಚಾಚಬೇಕು. ತುಂಬಾ ಜನ ನಿಲ್ಲುವುದು ಇಲ್ಲೇ.

ಹಾಗಂತ ಬೇಡ ಅನ್ನುವುದಿಲ್ಲ. ಮೊದಲ ಭಾಗ ಇ ಮೈನರ್‌ನಲ್ಲೇ ಶುರುವಾಗಿ ಇ ಮೈನರ್‌ನಲ್ಲೇ ಮುಗಿಯುತ್ತದೆ, ಅಷ್ಟನ್ನೇ ಒಂದು ಪೀಸ್ ಅಂತ ಕಲಿಯಿರಿ. ಎರಡನೇ ಭಾಗ ಬಾರೆ ಗಟ್ಟಿಯಾದ ಮೇಲೆ.

ತಾರೆಗ ಅವರ ಲಾಗ್ರಿಮಾ, ಅದೆಲಿತಾ? ಎರಡೂ ಸಣ್ಣವೇ ಅಲ್ವಾ?

ಸಣ್ಣವು, ಸುಲಭ ಅಲ್ಲ. ಫ್ರಾನ್ಸಿಸ್ಕೊ ತಾರೆಗ (1852-1909) ಯಾರು ಅಂದರೆ, ಹಳೇ ನೋಕಿಯಾ ಫೋನಿನ ರಿಂಗ್‌ಟೋನ್ ನೆನಪಿದೆಯಾ? ಅದು ಅವರ ಗ್ರಾನ್ ವಾಲ್ಸ್‌ನ ಒಂದು ತುಣುಕು.

ಲಾಗ್ರಿಮಾದ ಆರಂಭ ನೋಡಿ. ಮೊದಲ ತಂತಿಯ ನಾಲ್ಕನೇ ಫ್ರೆಟ್, ನಾಲ್ಕನೇ ತಂತಿಯ ಎರಡನೇ ಫ್ರೆಟ್ ಒಟ್ಟಿಗೆ. ಆಮೇಲೆ ಐದು ಮತ್ತು ನಾಲ್ಕು, ಆಮೇಲೆ ಏಳು ಮತ್ತು ಆರು. ಎರಡು ಬೆರಳು ಜೋಡಿಯಾಗಿ ಮೇಲೇರುತ್ತವೆ, ನಡುವೆ ಓಪನ್ ಬಿ ತಂತಿ ಮಿಡಿಯುತ್ತಿರುತ್ತದೆ. ಈ ಏರಿಕೆಯಲ್ಲಿ ಸ್ವರ ಕಡಿಯಬಾರದು, ಬೆರಳು ಕಿತ್ತು ಹಾರಿದ ಸದ್ದು ಕೇಳಬಾರದು. ನುಡಿಸುವುದು ಒಂದು ಕೆಲಸ, ಹಾಡಿದ ಹಾಗೆ ನುಡಿಸುವುದು ಇನ್ನೊಂದು ಕೆಲಸ. ಮುಂದೆ ಬಾರೆಗಳೂ ಬರುತ್ತವೆ. ಎರಡನೇ ವರ್ಷಕ್ಕೆ ಒಳ್ಳೆಯ ಗುರಿ. ಅಷ್ಟರಲ್ಲಿ ಈ ಮೊದಲ ಮೂರು ಜೋಡಿಯನ್ನು ಮಾತ್ರ ದಿನಾ ಬೆರಳಿನ ವ್ಯಾಯಾಮದ ಹಾಗೆ ಮಾಡಿ, ತಪ್ಪಿಲ್ಲ.

ಅಸ್ತೂರಿಯಾಸ್? ರೆಕ್ವೆರ್ದೋಸ್ ದೆ ಲಾ ಅಲಾಂಬ್ರಾ?

ಕೇಳಿ, ಖುಷಿಪಡಿ. ಈಗ ಬೇಡ. ಅಸ್ತೂರಿಯಾಸ್ ಅನ್ನು ಅಲ್ಬೇನಿಸ್ ಬರೆದದ್ದೇ ಪಿಯಾನೋಗೆ. ರೆಕ್ವೆರ್ದೋಸ್‌ಗೆ ಟ್ರೆಮೊಲೊ ಬೇಕು, ಅಂದರೆ ಒಂದೇ ಸ್ವರವನ್ನು ಬೆರಳು ಬದಲಿಸುತ್ತಾ ಬೇಗ ಬೇಗ ಮೀಟುವುದು, ಅದು ಪಳಗಲು ವರ್ಷಗಳು ಬೇಕು.

ಬಾಖ್ ನುಡಿಸುವ ಆಸೆ. ಯಾವುದು ಸುಲಭ?

ಜಿ ಮೇಜರ್‌ನ ಪುಟ್ಟ ಮಿನುಯೆಟ್ ಎಲ್ಲ ಪುಸ್ತಕಗಳಲ್ಲೂ ಇರುತ್ತದೆ. ಬಾಖ್ ಹೆಂಡತಿ ಆನಾ ಮಾಗ್ದಲೇನಾ ಅವರ 1725ರ ನೋಟ್‌ಬುಕ್ಕಿನಲ್ಲಿ ಸಿಕ್ಕಿದ್ದು. ಅದು ಬಾಖ್ ಬರೆದದ್ದಲ್ಲ, ಕ್ರಿಶ್ಚಿಯನ್ ಪೆಟ್ಸೋಲ್ಡ್ ಬರೆದದ್ದು ಅಂತ ಆಮೇಲೆ ಗೊತ್ತಾಯಿತು. ಆದರೂ ಒಳ್ಳೆಯ ಪೀಸ್, ಗಿಟಾರ್‌ಗೆ ಸರಳ ಮಾಡಿದ ಪ್ರತಿಗಳು ಸಿಗುತ್ತವೆ. ಬಾಖ್ ಅವರದ್ದೇ ಆದ ಇ ಮೈನರ್ ಬೂರೆ (ಹಳೆಯ ಒಂದು ನೃತ್ಯದ ಧಾಟಿ) ಎರಡು ವರ್ಷ ಆದವರಿಗೆ. ಅದರಲ್ಲಿ ಬೇಸ್‌ನದ್ದೇ ಒಂದು ರಾಗ, ಮೇಲಿನದ್ದೇ ಒಂದು ರಾಗ, ಎರಡೂ ಎದುರು ಬದುರು ನಡೆಯುತ್ತವೆ. ಒಂದನ್ನು ನುಡಿಸುತ್ತಾ ಇನ್ನೊಂದನ್ನು ಬಾಯಲ್ಲಿ ಹಾಡಲು ಬಂದರೆ ನೀವು ತಯಾರಿದ್ದೀರಿ.

ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತಿದ್ದೆ. ಇಲ್ಲಿ ಏನಾದರೂ ಉಪಯೋಗ ಇದೆಯಾ?

ತುಂಬಾ ಇದೆ. ಬೆಂಗಳೂರಿನಲ್ಲಿ ಈ ಪ್ರಶ್ನೆ ಕೇಳುವವರು ಜಾಸ್ತಿ, ಹಾಗಾಗಿ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಸಿ ಮೇಜರ್ ಸ್ಕೇಲ್ ಅಂದರೆ ಸ್ವರಸ್ಥಾನದ ಲೆಕ್ಕದಲ್ಲಿ ಧೀರಶಂಕರಾಭರಣ. ನ್ಯಾಚುರಲ್ ಮೈನರ್ ನಟಭೈರವಿ, ಹಾರ್ಮೋನಿಕ್ ಮೈನರ್ ಕೀರವಾಣಿ. ಎ ಮೈನರ್ ಪೀಸ್‌ನಲ್ಲಿ ಜಿ ಶಾರ್ಪ್ ಬಂದಾಗ ಬೇರೆಯವರು ತಪ್ಪು ನುಡಿಸಿದೆವೇನೋ ಅಂತ ಗಾಬರಿಯಾಗುತ್ತಾರೆ. ನಿಮ್ಮ ಕಿವಿಗೆ ಅದು ಕೀರವಾಣಿಯ ನಿಷಾದ, ಅಷ್ಟೆ. ಮಲಗೇನ್ಯಾದಂಥ ಸ್ಪ್ಯಾನಿಷ್ ಧಾಟಿಯಲ್ಲಿ ಇ ಪಕ್ಕದಲ್ಲೇ ಎಫ್ ಕೂತಿರುತ್ತದೆ. ತೋಡಿ, ವಕುಳಾಭರಣದ ಶುದ್ಧ ರಿಷಭ ಗೊತ್ತಿದ್ದವರಿಗೆ ಅದು ಹೊಸದಲ್ಲ. ಹೀಗಾಗಿ ನಿಮಗೆ ಮೈನರ್ ಪೀಸ್‌ಗಳು ಬೇಗ ಬಾಯಿಗೆ ಬರುತ್ತವೆ, ಬಾಯಿಗೆ ಬಂದದ್ದು ಕೈಗೂ ಬೇಗ ಬರುತ್ತದೆ.

ತೊಂದರೆ ಎರಡು. ಒಂದು, ಕೈ ತಾನಾಗಿಯೇ ಗಮಕ ಹಾಕಲು ಹೋಗುತ್ತದೆ. ಸೋರ್, ಕಾರುಲ್ಲಿಗೆ ಅದು ಹೊಂದುವುದಿಲ್ಲ, ಸ್ವರ ನೆಟ್ಟಗೆ ನಿಲ್ಲಲಿ. ಎರಡು, ರಾಗದ ಮೇಲೆ ಗಮನ ಹೋಗಿ ಬೇಸ್ ಮರೆತೇಹೋಗುತ್ತದೆ. ಅದಕ್ಕೆ ಸಂಗೀತ ಗೊತ್ತಿರುವವರಿಗೆ ನಾನು ಒಂದೇ ಸ್ವರದ ಪೀಸ್‌ಗಳನ್ನು ಬೇಗ ದಾಟಿಸಿ ಬೇಸ್ ಇರುವವನ್ನು ಕೊಡುತ್ತೇನೆ.

ಇನ್ನೊಂದು ದಾರಿಯೂ ಇದೆ: ಮುತ್ತುಸ್ವಾಮಿ ದೀಕ್ಷಿತರ ನೋಟ್ಟುಸ್ವರಗಳು. ದೀಕ್ಷಿತರು (1775-1835) ಮತ್ತು ಸೋರ್ ಸಮಕಾಲೀನರು. ಆ ಕಾಲದ ಪಾಶ್ಚಾತ್ಯ ಧಾಟಿಗಳಿಗೆ ದೀಕ್ಷಿತರು ಸಂಸ್ಕೃತ ಸಾಹಿತ್ಯ ಬರೆದರು. "ಸಂತತಂ ಪಾಹಿಮಾಂ" ಧಾಟಿ ಇಂಗ್ಲೆಂಡಿನ ರಾಷ್ಟ್ರಗೀತೆಯದ್ದೇ. ಗಮಕ ಬೇಕಿಲ್ಲ, ಫ್ರೆಟ್ ಮೇಲೆ ಸಲೀಸಾಗಿ ಕೂರುತ್ತವೆ. ಡಿ ಷಡ್ಜ ಮಾಡಿಕೊಂಡರೆ ನಾಲ್ಕನೇ ಓಪನ್ ತಂತಿ ಸ, ಐದನೆಯದು ಪ. ಹೆಬ್ಬೆರಳಿಂದ ಅವೆರಡನ್ನು ಮೀಟುತ್ತಾ ಮೇಲೆ ರಾಗ ನುಡಿಸಿ. ಸೋರ್ ಅವರ ಎರಡು ದನಿಯ ಪೀಸ್‌ಗಳಿಗೆ ಇದಕ್ಕಿಂತ ಒಳ್ಳೆಯ ತಯಾರಿ ನಾನು ಕಂಡಿಲ್ಲ.

ಹೊಸ ಕಾಲದ ಸಂಗೀತ ಏನೂ ಇಲ್ಲವಾ? ಎಲ್ಲ ಇನ್ನೂರು ವರ್ಷ ಹಳೇದೇ?

ಲಿಯೊ ಬ್ರೌವರ್ ನೋಡಿ, ಕ್ಯೂಬಾದವರು. ಅವರ "ಎಸ್ತುದಿಯೋಸ್ ಸೆನ್ಸಿಯೋಸ್" ಒಟ್ಟು 20. ಮೊದಲನೆಯದರಲ್ಲಿ ಹೆಬ್ಬೆರಳು ಬೇಸ್‌ನಲ್ಲಿ ರಾಗ ನುಡಿಸುತ್ತದೆ, ಮೇಲಿನ ತಂತಿಗಳು ತಾಳ ಕುಟ್ಟುತ್ತವೆ. ಹದಿಹರೆಯದವರಿಗೆ ಸೋರ್‌ಗಿಂತ ಇದು ಬೇಗ ಹಿಡಿಸುತ್ತದೆ. ಲೆಕ್ಕ ಸ್ವಲ್ಪ ಜಾರುತ್ತದೆ, ಮೊದಲು ಚಪ್ಪಾಳೆ ತಟ್ಟಿ ಕಲಿಯಿರಿ.

ನೋಟ್ಸ್ ಎಲ್ಲಿ ಸಿಗುತ್ತದೆ? ಟ್ಯಾಬ್ ಸಾಕಾ?

ಸೋರ್, ಕಾರುಲ್ಲಿ, ಕಾರ್ಕಾಸಿ, ಜುಲಿಯಾನಿ, ತಾರೆಗ ಎಲ್ಲರ ಹಳೆಯ ಪ್ರತಿಗಳೂ ಐಎಂಎಸ್‌ಎಲ್‌ಪಿ ತಾಣದಲ್ಲಿ ಉಚಿತ. ನಮ್ಮ ದೇಶದ ಕಾನೂನಿನಲ್ಲಿ ಕೃತಿಸ್ವಾಮ್ಯ ಬರೆದವರು ತೀರಿಕೊಂಡ ಮೇಲೆ 60 ವರ್ಷ, ಹಾಗಾಗಿ ಇವರ ವಿಷಯದಲ್ಲಿ ತೊಂದರೆ ಇಲ್ಲ. ಬ್ರೌವರ್ 1939ರಲ್ಲಿ ಹುಟ್ಟಿದವರು, ಅವರ ಪುಸ್ತಕ ಕೊಂಡೇ ನುಡಿಸಿ. ಚರ್ಚ್ ಸ್ಟ್ರೀಟ್‌ನ ಹಳೇ ಪುಸ್ತಕದ ಅಂಗಡಿಗಳಿಗೆ ಹೋದಾಗ ಸಂಗೀತದ ಕಪಾಟನ್ನೂ ಒಮ್ಮೆ ನೋಡಿ ಬನ್ನಿ. ಹಳೆಯ ಪ್ರತಿಗಳಲ್ಲಿ ಯಾವ ಬೆರಳು ಎಲ್ಲಿ ಅಂತ ಸರಿಯಾಗಿ ಇರುವುದಿಲ್ಲ, ಅದನ್ನು ಮೇಷ್ಟ್ರ ಹತ್ತಿರ ಪೆನ್ಸಿಲ್‌ನಲ್ಲಿ ಬರೆಸಿಕೊಳ್ಳಿ.

ಟ್ಯಾಬ್ ಅಂದರೆ ಆರು ಗೆರೆಗಳ ಮೇಲೆ ಫ್ರೆಟ್ ಅಂಕಿ ಬರೆಯುವ ಪದ್ಧತಿ, ಬೆರಳನ್ನು ಎಲ್ಲಿಡಬೇಕು ಅಂತ ಹೇಳುತ್ತದೆ. ಯಾವ ಸ್ವರ ಎಷ್ಟು ಹೊತ್ತು ನಿಲ್ಲಬೇಕು, ಯಾವುದು ರಾಗ, ಯಾವುದು ಬೇಸ್ ಅನ್ನುವುದು ಅದರಲ್ಲಿ ಕಾಣುವುದು ಕಷ್ಟ. ಸ್ಟಾಫ್ ನೊಟೇಶನ್‌ನಲ್ಲಿ ಬೇಸ್ ಸ್ವರದ ಕಡ್ಡಿ ಕೆಳಗೆ, ರಾಗದ ಕಡ್ಡಿ ಮೇಲೆ ಇರುತ್ತದೆ. ಸೋರ್ ಅವರ ಓಪಸ್ 60 ಮೊದಲಿಂದ ನುಡಿಸುತ್ತಾ ಹೋದರೆ ಓದುವುದೂ ಜೊತೆಜೊತೆಗೇ ಬರುತ್ತದೆ.

ಮಗಳಿಗೆ ಗ್ರೇಡ್ ಪರೀಕ್ಷೆ ಕಟ್ಟಿಸಬೇಕಾ?

ಲಂಡನ್ನಿನ ಟ್ರಿನಿಟಿ ಸಂಸ್ಥೆಯ ಪರೀಕ್ಷೆಯಲ್ಲಿ ಇನಿಷಿಯಲ್ ಆದ ಮೇಲೆ 1ರಿಂದ 8ರವರೆಗೆ ಗ್ರೇಡ್ ಇವೆ, ಒಂದೊಂದಕ್ಕೆ ಮೂರು ಪೀಸ್. ಫಾರ್ಮ್ ತುಂಬುವಾಗ ನೋಡಿಕೊಳ್ಳಿ, ಕ್ಲಾಸಿಕಲ್ ಗಿಟಾರ್‌ಗೆ ಬೇರೆಯೇ ಸಿಲಬಸ್ ಇದೆ. ಪರೀಕ್ಷೆ ಬೇಡದವರಿಗೂ ಆ ಸಿಲಬಸ್ ಪಟ್ಟಿ ಉಪಯೋಗಕ್ಕೆ ಬರುತ್ತದೆ: ಯಾವ ಪೀಸ್ ಯಾವ ಮಟ್ಟದ್ದು ಅಂತ ತಿಳಿಯಲು ನಾನೂ ಅದನ್ನೇ ನೋಡುತ್ತೇನೆ.

ನನ್ನ ತಕರಾರು ಒಂದೇ. ಕೆಲವು ಮನೆಗಳಲ್ಲಿ ವರ್ಷವಿಡೀ ಆ ಮೂರೇ ಪೀಸ್ ಉಜ್ಜಿಸುತ್ತಾರೆ. ಸರ್ಟಿಫಿಕೇಟ್ ಗೋಡೆಗೆ ಬರುತ್ತದೆ, ಮಗುವಿಗೆ ನಾಲ್ಕನೇ ಪೀಸ್ ಓದಲು ಬರುವುದಿಲ್ಲ. ಪರೀಕ್ಷೆ ಕಟ್ಟಿಸಿ, ಆದರೆ ಅದೇ ಮಟ್ಟದ, ಇಲ್ಲವೇ ಒಂದು ಗ್ರೇಡ್ ಕೆಳಗಿನ ಏಳೆಂಟು ಪೀಸ್‌ಗಳನ್ನು ಜೊತೆಗೆ ನುಡಿಸಲಿ.

ಉಗುರು ಬೆಳೆಸಲೇಬೇಕಾ?

ಮೊದಲ ವರ್ಷ ಬೇಡ. ಸೋರ್ ಉಗುರಿಲ್ಲದೆ ನುಡಿಸುತ್ತಿದ್ದರು, ಅವರ ಗೆಳೆಯ ದಿಯೊನಿಸಿಯೊ ಅಗುವಾದೊ ಉಗುರಿನಿಂದ. ಇಬ್ಬರೂ ಒಟ್ಟಿಗೆ ನುಡಿಸಲು ಅಂತಲೇ ಸೋರ್ "ಇಬ್ಬರು ಗೆಳೆಯರು" ಅನ್ನುವ ಅರ್ಥದ ಹೆಸರಿಟ್ಟು ಒಂದು ಡ್ಯುಯೆಟ್ ಬರೆದರು. ನಮಗೆ ಇನ್ನೊಂದು ಸಮಸ್ಯೆ ಇದೆ. ಬಲಗೈ ಉಗುರು ಬಿಟ್ಟರೆ ಮುದ್ದೆ ಸಾರು ತಿನ್ನುವುದು ಪಜೀತಿ, ಅರಿಶಿನದ ಬಣ್ಣ ವಾರವಾದರೂ ಹೋಗುವುದಿಲ್ಲ.

ಅಪಾರ್ಟ್‌ಮೆಂಟ್‌ನ ರಾಜ್ಯೋತ್ಸವಕ್ಕೆ ನುಡಿಸಲು ಹೇಳಿದ್ದಾರೆ. ಯಾವ ಪೀಸ್?

ಈಗ ಕಲಿಯುತ್ತಿರುವುದು ಬೇಡ. ಮೂರು ತಿಂಗಳ ಹಿಂದೆ ಮುಗಿಸಿದ್ದು, ಬೇಜಾರು ಬರುವಷ್ಟು ನುಡಿಸಿದ್ದು ಆರಿಸಿ. ವೇದಿಕೆ ಮೇಲೆ ಕೈ ಬೆವರುತ್ತದೆ, ಬಾರೆ ಇರುವ ಪೀಸ್ ಆಗ ಕೈಕೊಡುತ್ತದೆ. ನೈಲಾನ್ ಗಿಟಾರ್ ಸದ್ದು ಕಡಿಮೆ, ಮಕ್ಕಳು ಓಡಾಡುವ ಹಾಲ್‌ನಲ್ಲಿ ಮೈಕ್ ಇಲ್ಲದಿದ್ದರೆ ಮುಂದಿನ ಸಾಲಿಗೂ ಕೇಳುವುದಿಲ್ಲ. ಮೈಕನ್ನು ಸೌಂಡ್ ಹೋಲ್‌ಗೆ ನೇರ ಇಟ್ಟರೆ ಗುಂಯ್ ಅನ್ನುತ್ತದೆ, ನೆಕ್ ಬಾಡಿಗೆ ಸೇರುವ ಜಾಗದ ಕಡೆ ತಿರುಗಿಸಿ. ಗಲಾಟೆಯಲ್ಲಿ ಮಲಗೇನ್ಯಾ ನಿಲ್ಲುತ್ತದೆ, ಮೆಲುದನಿಯ ಪೀಸ್‌ಗಳು ಮುಳುಗಿಹೋಗುತ್ತವೆ. ಆಮೇಲೆ ಯಾರಾದರೂ ಬಂದು ಕನ್ನಡ ಹಾಡು ನುಡಿಸಿ ಅಂತ ಕೇಳೇ ಕೇಳುತ್ತಾರೆ. ಒಂದು ಭಾವಗೀತೆಯ ಧಾಟಿಯನ್ನು ಓಪನ್ ಬೇಸ್ ಜೊತೆ ತಯಾರಿಟ್ಟುಕೊಂಡು ಹೋಗಿ.

ಒಟ್ಟಿಗೆ ಎಷ್ಟು ಪೀಸ್ ಕಲಿಯಬಹುದು? ಬರದೇ ಹೋದದ್ದನ್ನು ಯಾವಾಗ ಬಿಡಬೇಕು?

ಮೂರು. ಒಂದು ಈಗಿನ ಮಟ್ಟದ್ದು, ಒಂದು ನೋಡಿದ ಕೂಡಲೇ ಓದಿ ನುಡಿಸುವಷ್ಟು ಸುಲಭದ್ದು, ಒಂದು ಈಗಾಗಲೇ ಬರುವುದನ್ನು ಮರೆಯದಿರಲು. ದಿನಕ್ಕೆ ಅರ್ಧ ಗಂಟೆ ಸಿಗುವವರಿಗೆ ಇಷ್ಟೇ ಜಾಸ್ತಿ.

ಬಿಡುವ ವಿಷಯಕ್ಕೆ ಬಂದರೆ, ಆರು ವಾರವಾದರೂ ಅದೇ ಮೆಷರ್‌ನಲ್ಲಿ ಕೈ ನಿಲ್ಲುತ್ತಿದ್ದರೆ ಸುಮ್ನೆ ಎತ್ತಿಡಿ. ಎಲ್ಲಿ ನಿಂತಿತು, ಯಾಕೆ ನಿಂತಿತು ಅಂತ ಹಾಳೆಯ ಮೂಲೆಯಲ್ಲಿ ಬರೆಯಿರಿ: ಬಾರೆನಾ, ಬೆರಳು ಚಾಚುವುದಾ, ತಾಳನಾ. ಆಮೇಲೆ ಅದೇ ಒಂದು ಕಷ್ಟ ಮಾತ್ರ ಇರುವ, ಉಳಿದದ್ದೆಲ್ಲ ಸುಲಭವಾದ ಪೀಸ್ ಹುಡುಕಿ ಅಥವಾ ಮೇಷ್ಟ್ರನ್ನು ಕೇಳಿ. ಸೋರ್, ಕಾರುಲ್ಲಿ ಇಬ್ಬರಲ್ಲೇ ಅಂಥದ್ದು ಸಿಗುತ್ತದೆ. ಎತ್ತಿಟ್ಟ ಪೀಸ್ ಮೇಲೆ ತಾರೀಖು ಹಾಕಿ ಫೈಲಿನಲ್ಲಿ ಇಡಿ, ಎಸೆಯಬೇಡಿ.